ನೋಟಿಗೆ ಹಿಡಿಯೋ ದೀಪ ಜೀವಕೋಶಕ್ಕೂ!

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಐನೂರರ ನೋಟು ಚಾಚಿದರೆ ಕೆಲವು ಅಂಗಡಿಯವರು ನೇರಳೆ ದೀಪದಡಿ ಹಿಡಿದು ನೋಡುತ್ತಾರೆ. ನಂಬರು ಮಿನುಗಿದರೆ ಸರಿ, ಇಲ್ಲದಿದ್ದರೆ ರಾಮಾಯಣ! ಕಣ್ಣಿಗೆ ಕಾಣದ ಅತಿನೇರಳೆ ಬೆಳಕು ನುಂಗಿ ಕಾಣುವ ಬೆಳಕು ಉಗುಳುವ ಈ ಗುಣವೇ ಪ್ರತಿದೀಪ್ತಿ. ವಿಜ್ಞಾನಿಗಳು ಈಗ ಇದನ್ನೇ ಜೀವಂತ ಜೀವಕೋಶದ ಬೆನ್ನು ಹತ್ತಲು ಬಳಸುತ್ತಿದ್ದಾರೆ.

ಆದರೆ ತೊಡಕಿತ್ತು. ಅರಿಶಿನವನ್ನು ಸ್ಪಿರಿಟ್ಟಿನಲ್ಲಿ ಕದಡಿ ಅದೇ ದೀಪ ಹಿಡಿದರೆ ಹಸಿರು-ಹಳದಿ ಹೊಳಪು. ನೀರಿನಲ್ಲಿ ಕದಡಿದರೆ ಠುಸ್! ಕರಗದ ಬಣ್ಣ ಗುಂಪುಗೂಡಿ ಮಂಕಾಗುತ್ತದೆ. ಜೀವಕೋಶದಲ್ಲಿ ಇರೋದು ಬಹುಪಾಲು ನೀರೇ ತಾನೆ?

2001ರಲ್ಲಿ ಹಾಂಕಾಂಗಿನ ಟಾಂಗ್ ಬೆನ್‌ಝಾಂಗ್ ತಂಡ ಉಲ್ಟಾ ಸ್ವಭಾವದ ಬಣ್ಣ ತೋರಿಸಿತು. ಒಂಟಿಯಾಗಿದ್ದರೆ ಮಂಕು, ಒತ್ತೊತ್ತಾದರೆ ಝಗಝಗ. ಶಿವಮೊಗ್ಗ–ಭದ್ರಾವತಿ ಬಸ್ಸು ನೆನೆಸಿಕೊಳ್ಳಿ. ರಶ್ಶಾದಾಗ ಕೈಕಾಲು ಆಡಿಸೋಕಾಗದೆ ಬಾಯಿ ಜೋರಾಗುತ್ತದಲ್ಲ? ಈ ಅಣುಗಳದ್ದೂ ಹಾಗೇ. ಹೊರಳಾಡಲು ಜಾಗವಿಲ್ಲದೆ ಶಕ್ತಿ ಬೆಳಕಾಗಿ ಹೊರಬೀಳುತ್ತದೆ.

ಇಂಥ ಬಣ್ಣ ತುಂಬಿದ ಕಣಗಳೇ ಸಾವಯವ ನ್ಯಾನೋ ಕಣಗಳು. ಕೂದಲೆಳೆಯ ದಪ್ಪದಲ್ಲಿ ಸಾವಿರ ಕಣ ಸಾಲಾಗಿ ನಿಲ್ಲಿಸಬಹುದು! ಕೋಶ ಇವನ್ನು ನುಂಗಿ ದಿನಗಟ್ಟಲೆ ಹೊತ್ತು ತಿರುಗುತ್ತದೆ. ಕೋಶ ಒಡೆದು ಎರಡಾದರೆ ಕಣಗಳೂ ಪಾಲಾಗುತ್ತವೆ, ಬೆಳಕು ಇಳಿಯುತ್ತದೆ. 2023ರ ನೊಬೆಲ್ ತಂದ ಕ್ವಾಂಟಮ್ ಡಾಟ್‌ಗಳೂ ಹೊಳೆಯುತ್ತವೆ, ಆದರೆ ಅವುಗಳಲ್ಲಿ ಹಲವಕ್ಕೆ ವಿಷದ ಕ್ಯಾಡ್ಮಿಯಂ ಬೇಕು.

ನಮ್ಮ ಜಿಲ್ಲೆಗೆ ಇದು ದೂರದ ಮಾತಲ್ಲ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಬೆಳಕಿಗೆ ಬಂದ ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧಿ ಇಲ್ಲ. ಹಳೆ ಲಸಿಕೆಯೂ ಪರಿಣಾಮ ಸಾಲದೆ 2022ರಲ್ಲಿ ನಿಂತಿತು. ರಕ್ತದಲ್ಲಿ ವೈರಸ್ ಹುಡುಕುವ ರಿಯಲ್‌ಟೈಮ್ ಪಿ.ಸಿ.ಆರ್. ಪರೀಕ್ಷೆಯೂ ಓದೋದು ಪ್ರತಿದೀಪ್ತಿಯ ಬೆಳಕನ್ನೇ. ಆದರೆ ಅದು ಮಾದರಿಯನ್ನು ಒಡೆದು ಮಾಡುವ ಲೆಕ್ಕ. ವೈರಸ್ ಹೊಕ್ಕ ಜೀವಂತ ಕೋಶ ಆಮೇಲೆ ಎಲ್ಲಿ ಹೋಯಿತು, ಏನು ಮಾಡಿತು ಎಂಬುದನ್ನು ಅದು ಹೇಳೋದಿಲ್ಲ. ಔಷಧಿ ಹುಡುಕೋರಿಗೆ ಬೇಕಾಗಿರೋದು ಅದೇ. ಈ ಜೀವಂತ ವೈರಸ್ ಸಾಕುವ ಕೆಲಸಕ್ಕೆ ಮಾತ್ರ ಕಟ್ಟುನಿಟ್ಟಿನ ಭದ್ರತೆಯ ಪ್ರಯೋಗಾಲಯವೇ ಬೇಕು.

ನಾಳೆಯೇ ಆಸ್ಪತ್ರೆಗೆ ಬಂತು ಅಂತಲ್ಲ. ಸದ್ಯ ಇದು ಹೆಚ್ಚಾಗಿ ಗಾಜಿನ ತಟ್ಟೆ, ಇಲಿಗಳ ಮಟ್ಟದ ವಿದ್ಯೆ. ಕಣಗಳು ಪಿತ್ತಜನಕಾಂಗ, ಗುಲ್ಮದಲ್ಲಿ ಠಿಕಾಣಿ ಹೂಡುತ್ತವೆ. ಬೆಳಕೂ ಮೈಯಾಳದಿಂದ ಹೊರಬರೋದಿಲ್ಲ.

ಭದ್ರಾವತಿ ತಾಲೂಕಿನ ಶಂಕರಘಟ್ಟದಲ್ಲಿ 1987ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾಲಯವಿದೆ. ಅಲ್ಲಿಗೆ ಹೋಗಬಯಸುವ ಹೈಸ್ಕೂಲು ಮಕ್ಕಳು ಮೇಷ್ಟ್ರನ್ನು ಪಕ್ಕದಲ್ಲಿಟ್ಟುಕೊಂಡು ಅರಿಶಿನದ ಪರೀಕ್ಷೆ ಈಗಲೇ ಮಾಡಬಹುದು. ಸ್ಪಿರಿಟ್ಟಿನ ಹತ್ತಿರ ಬೆಂಕಿ ಬೇಡ, ನೇರಳೆ ದೀಪ ಕಣ್ಣಿಗೆ ಹಿಡಿಯಬೇಡಿ.