ಒಣನಾಡಿನಲ್ಲೂ ಕಾರಿನ ತಳಕ್ಕೆ ತುಕ್ಕೇಕೆ?

ಕಡಲತೀರದ ಊರುಗಳಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ರಾಯಚೂರು ಕಡಲಿನಿಂದ ಬಹುದೂರ. ಬೇಸಿಗೆಯಲ್ಲಿ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಮಳೆಯೂ ಕಡಿಮೆ. ಹಾಗಿದ್ದರೆ ಇಲ್ಲಿ ಓಡಿದ ಹಳೆಯ ಅಂಬಾಸಿಡರ್ ಕಾರಿನ ತಳ ಗಟ್ಟಿಯಾಗಿಯೇ ಇರಬೇಕಲ್ಲವೇ? ಹಾಗೆಂದು ನಂಬುವಂತಿಲ್ಲ. ಕಾರಣ ಗಾಳಿಯಲ್ಲಿಲ್ಲ, ತಳಕ್ಕೆ ಅಂಟಿದ ಮಣ್ಣಿನಲ್ಲಿದೆ.

ಮಾನ್ವಿ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ ನೀರು ತಂದಿವೆ. ಭತ್ತದ ಗದ್ದೆಗಳ ನಡುವಿನ ದಾರಿಯಲ್ಲಿ ಮಳೆ ಇಲ್ಲದ ತಿಂಗಳಲ್ಲೂ ಕೆಸರಿರುತ್ತದೆ. ಎರೆಮಣ್ಣು ಜಿಗುಟು; ಚಕ್ರದಿಂದ ಸಿಡಿದು ತಳದ ಸಂದುಗಳಲ್ಲಿ ಮೆತ್ತಿಕೊಂಡರೆ ತೇವವನ್ನು ಬಹಳ ದಿನ ಹಿಡಿದಿಡುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಕೆಲವು ತಗ್ಗು ಪ್ರದೇಶಗಳಲ್ಲಿ ಮಣ್ಣು ಸವಳಾಗಿದೆ. ಆ ಮಣ್ಣಿನ ಲವಣಗಳು ನೀರಿನಲ್ಲಿ ಕರಗಿ ಅದನ್ನು ಒಳ್ಳೆಯ ವಿದ್ಯುದ್ವಾಹಕವಾಗಿಸುತ್ತವೆ.

ಮಣ್ಣಿನಡಿಯ ವಿದ್ಯುತ್‌ಕೋಶ

ತುಕ್ಕು ಹಿಡಿಯುವುದು ಒಂದು ವಿದ್ಯುತ್ ರಾಸಾಯನಿಕ ಕ್ರಿಯೆ. ಕಬ್ಬಿಣದ ಪರಮಾಣು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನಾಗಿ ಕರಗುವ ಜಾಗ ಆನೋಡ್. ಆ ಎಲೆಕ್ಟ್ರಾನುಗಳನ್ನು ಆಮ್ಲಜನಕ ಮತ್ತು ನೀರು ಪಡೆದುಕೊಂಡು ಹೈಡ್ರಾಕ್ಸೈಡ್ ಅಯಾನುಗಳಾಗುವ ಜಾಗ ಕ್ಯಾಥೋಡ್. ಮಣ್ಣಿನ ಹೆಂಟೆಯ ಅಂಚಿಗೆ ಆಮ್ಲಜನಕ ಸಿಗುತ್ತದೆ, ನಡುಭಾಗಕ್ಕೆ ಅಷ್ಟು ಸಿಗುವುದಿಲ್ಲ. ಆದ್ದರಿಂದ ಅಂಚು ಕ್ಯಾಥೋಡ್ ಆಗುತ್ತದೆ, ಮಣ್ಣಿನಡಿಯ ಲೋಹ ಆನೋಡ್ ಆಗಿ ಸವೆಯುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ತಗಡು ತೂತಾಗುವುದು ಹೀಗೆ.

ನೆಲವೇ ಅಸ್ಥಿಪಂಜರ

ಲಾರಿಗೆ ಬೇರೆಯೇ ಚಾಸಿ ಇರುತ್ತದೆ. ಅಂಬಾಸಿಡರ್‌ಗೆ ಹಾಗಿಲ್ಲ. ಅದರ ನೆಲದ ತಗಡು, ಬಾಗಿಲುಗಳ ಕೆಳಗಿನ ಪೆಟ್ಟಿಗೆಯಾಕಾರದ ತೊಲೆಗಳು ಮತ್ತು ಮೈ ಒಟ್ಟಿಗೆ ಬೆಸೆದುಕೊಂಡು ಭಾರ ಹೊರುತ್ತವೆ. ಹಿಂದಿನ ಲೀಫ್ ಸ್ಪ್ರಿಂಗ್‌ಗಳೂ ಇದಕ್ಕೇ ಬಿಗಿದಿವೆ. ಬ್ರೇಕ್ ಕೊಳವೆಗಳು ಇದರಡಿಯಲ್ಲೇ ಹಾದುಹೋಗುತ್ತವೆ. ಹೀಗಾಗಿ ತಳದ ತುಕ್ಕು ಅಂದಚೆಂದದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಇರುವ ತಳವನ್ನು ಉಳಿಸಿಕೊಳ್ಳುವುದೇ ಜಾಣತನ.

ಮನೆಯಲ್ಲಿ ಮಾಡಬಹುದಾದದ್ದು

ಮೊದಲು ಬ್ಯಾಟರಿಯ ಸಂಪರ್ಕ ತೆಗೆಯಿರಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರನ್ನು ಎತ್ತಿ ಉಕ್ಕಿನ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ಬರೀ ಜ್ಯಾಕನ್ನೋ ಇಟ್ಟಿಗೆಯನ್ನೋ ನಂಬಿ ಕೆಳಗೆ ನುಸುಳಬೇಡಿ.

ಸಂದುಗಳ ಮಣ್ಣನ್ನು ನೀರು ಹಾಯಿಸಿ ಪೂರ್ತಿ ತೆಗೆಯಿರಿ. ನೀರು ಬಸಿದುಹೋಗುವ ತೂತುಗಳು ಮುಚ್ಚಿದ್ದರೆ ಬಿಡಿಸಿ. ನಂತರ ಎರಡು ಮೂರು ದಿನ ಒಣಗಲು ಬಿಡಿ. ರಾಯಚೂರಿನ ಬೇಸಿಗೆ ನಮಗೆ ನೆರವಾಗುವುದು ಇಲ್ಲಿಯೇ.

ಒಣಗಿದ ಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಎಲ್ಲೆಡೆ ಒತ್ತಿ ನೋಡಿ. ಗಟ್ಟಿಯಿದ್ದರೆ ಮೇಲುತುಕ್ಕು, ತುದಿ ಒಳಗಿಳಿದರೆ ತಗಡು ಸತ್ತಿದೆ. ಅಲ್ಲಿ ಪುಟ್ಟಿ ಮೆತ್ತುವುದು ತನಗೆ ತಾನೇ ಮೋಸ. ಕೊಳೆತ ಭಾಗ ಕತ್ತರಿಸಿ ಹೊಸ ಉಕ್ಕಿನ ತಗಡನ್ನು ಬೆಸೆಯಬೇಕು. ಇದು ನುರಿತ ವೆಲ್ಡರ್ ಕೆಲಸ. ಪೆಟ್ರೋಲ್ ಟ್ಯಾಂಕಿನ ಬಳಿಯಂತೂ ಟ್ಯಾಂಕನ್ನು ಕಳಚಿ ದೂರವಿಡದೆ ಕಿಡಿ ಹಾರಿಸಲೇಬಾರದು.

ಮೇಲುತುಕ್ಕನ್ನು ತಂತಿ ಬ್ರಷ್ ಮತ್ತು ಎಮರಿ ಕಾಗದದಿಂದ ಉಜ್ಜಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಮುಖಗವಸು, ಕನ್ನಡಕ, ಕೈಗವಸು ಕಡ್ಡಾಯ. ಹೊಳೆಯುವ ಲೋಹ ಕಂಡಲ್ಲಿ ಸತುವಿನ ಪ್ರೈಮರ್ ಹಚ್ಚಿ. ಸತುವಿನ ಪ್ರಮಾಣಕ ವಿಭವ ಮೈನಸ್ 0.76 ವೋಲ್ಟ್, ಕಬ್ಬಿಣದ್ದು ಮೈನಸ್ 0.44 ವೋಲ್ಟ್. ಆದ್ದರಿಂದ ಸತು ಮೊದಲು ಕರಗಿ ಕಬ್ಬಿಣವನ್ನು ಕಾಯುತ್ತದೆ. ಇದಕ್ಕೆ ಎರಡು ಲೋಹಗಳೂ ಒಂದಕ್ಕೊಂದು ತಾಗಿರಬೇಕು. ತುಕ್ಕಿನ ಮೇಲೆ ಹಚ್ಚಿದರೆ ಪ್ರಯೋಜನವಿಲ್ಲ.

ಉಜ್ಜಿದರೂ ಕುಳಿಗಳಲ್ಲಿ ಉಳಿಯುವ ತುಕ್ಕಿಗೆ ಪರಿವರ್ತಕ ದ್ರಾವಣ ಬೇಕು. ಅದರಲ್ಲಿ ಫಾಸ್ಫಾರಿಕ್ ಆಮ್ಲವಿದ್ದರೆ ತುಕ್ಕು ಕಬ್ಬಿಣದ ಫಾಸ್ಫೇಟ್ ಆಗುತ್ತದೆ. ಟ್ಯಾನಿನ್ ಇದ್ದರೆ ನೀಲಿಗಪ್ಪು ಬಣ್ಣದ ಟ್ಯಾನೇಟ್ ಆಗುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣದಿಂದ ಹಿಂದಿನವರು ಮಸಿ ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ಪರಿವರ್ತಕ ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಅನಂತರ ಬಣ್ಣ. ಕಾದ ತಗಡಿನ ಮೇಲೆ ಬಣ್ಣ ಸರಿಯಾಗಿ ಕೂರುವುದಿಲ್ಲ. ಬೆಳಗಿನ ತಂಪಿನಲ್ಲಿ ಹಚ್ಚಿ. ಪೆಟ್ಟಿಗೆ ತೊಲೆಗಳ ಒಳಗೆ ಬ್ರಷ್ ಹೋಗದು. ಅಲ್ಲಿಗೆ ಮೇಣದ ಸಿಂಪಡಣೆ ಸರಿ.

ತುಕ್ಕಿನ ಮೇಲೆಯೇ ಡಾಂಬರಿನಂಥ ಲೇಪ ಬಳಿಯುವ ರೂಢಿಯಿದೆ. ಲೇಪ ಬಿರುಕು ಬಿಟ್ಟರೆ ನೀರು ಒಳಗೆ ಸೇರಿ ಹೊರಬರಲಾರದು. ಮಣ್ಣಿನ ಹೆಂಟೆಯ ಕೆಲಸವನ್ನೇ ಅದೂ ಮಾಡುತ್ತದೆ. ಬಳಸಿದ ಎಂಜಿನ್ ಆಯಿಲ್ ಸಿಂಪಡಿಸಿದರೆ ರಬ್ಬರ್ ಭಾಗಗಳು ಹಾಳಾಗುತ್ತವೆ, ನೆಲವೂ ಕೆಡುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಉಜ್ಜಿ ಹೊಳಪಿಸಿದ ಕಬ್ಬಿಣದ ತಗಡಿನ ಮೇಲೆ ಒಂದು ದೊಡ್ಡ ಹನಿ ಉಪ್ಪುನೀರು ಇಡಿ. ಅದರಲ್ಲಿ ಮೊದಲೇ ಸ್ವಲ್ಪ ಫಿನಾಫ್ತಲೀನ್ ಮತ್ತು ಪೊಟ್ಯಾಸಿಯಂ ಫೆರಿಸೈನೈಡ್ ಬೆರೆಸಿರಿ. ಕೆಲವು ನಿಮಿಷಗಳಲ್ಲಿ ಹನಿಯ ಅಂಚು ಗುಲಾಬಿ, ನಡುಭಾಗ ನೀಲಿಯಾಗುತ್ತದೆ. ಗುಲಾಬಿ ಬಣ್ಣ ಹೈಡ್ರಾಕ್ಸೈಡಿನ ಗುರುತು, ನೀಲಿ ಬಣ್ಣ ಕರಗುತ್ತಿರುವ ಕಬ್ಬಿಣದ ಗುರುತು. ಬ್ರಿಟನ್ನಿನ ವಿಜ್ಞಾನಿ ಯು. ಆರ್. ಇವಾನ್ಸ್ ಅವರ ಹೆಸರಿನಿಂದ ಪ್ರಸಿದ್ಧವಾದ ಈ ಹನಿ, ಕಾರಿನಡಿಯ ಕೆಸರಿನ ಹೆಂಟೆಯ ಪುಟ್ಟ ಮಾದರಿ.