ಕಡಜಗಳ ಅವಿಭಕ್ತ ಕುಟುಂಬ

ಮನೆಯ ಸೂರಿನಲ್ಲಿ ಬೂದುಬಣ್ಣದ ಕಾಗದದಂತಹ ಗೂಡು ತೂಗುತ್ತಿರುವುದನ್ನು ವಾಚಕರು ಕಂಡಿರಬಹುದು. ಮರದ ನಾರನ್ನು ಹೆರೆದು, ಜೊಲ್ಲಿನಲ್ಲಿ ನಾದಿ, ಹೆಣ್ಣು ಕಡಜಗಳು ಅದನ್ನು ಕಟ್ಟುತ್ತವೆ.

ನಮ್ಮ ದಕ್ಷಿಣದೇಶದಲ್ಲಿ ಸಾಮಾನ್ಯವಾದ ‘ರೊಪಾಲಿಡಿಯ ಮಾರ್ಜಿನೇಟ’ ಎಂಬ ಕಡಜದ ಗೂಡಿನಲ್ಲಿ ಮೊಟ್ಟೆಯಿಡುವವಳು ರಾಣಿಯೊಬ್ಬಳೇ. ಆಹಾರವನ್ನು ತಂದು ಮರಿಗಳನ್ನು ಸಾಕುವವರು ಸೇವಕಿಯರು. ರೂಪದಲ್ಲಿ ಇವರಿಗೂ ರಾಣಿಗೂ ಭೇದವಿಲ್ಲ. ರಾಣಿಯು ಇಲ್ಲವಾದರೆ ಇವರಲ್ಲೊಬ್ಬಳು ಕೆಲವೇ ದಿನಗಳಲ್ಲಿ ಆ ಪದವಿಗೇರುವಳು. ಹಾಗಿದ್ದ ಮೇಲೆ, ಬೇರೆ ಗೂಡು ಕಟ್ಟಿ ಸ್ವಂತ ಸಂತಾನವನ್ನು ಪಡೆಯದೆ ಪರರ ಮಕ್ಕಳನ್ನು ಸಾಕುವುದೇತಕ್ಕೆ?

ರಕ್ತಸಂಬಂಧವೇ ಕಾರಣವೆಂದು 1964ರಲ್ಲಿ ಇಂಗ್ಲೆಂಡಿನ ವಿಲಿಯಂ ಹ್ಯಾಮಿಲ್ಟನ್ ವಿವರಿಸಿದರು. ತಂಗಿಯರನ್ನು ಸಾಕಿದರೂ ತನ್ನ ವಂಶಗುಣವೇ ಮುಂದುವರಿಯುವುದಷ್ಟೆ. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ ಅವರೂ ಅವರ ಸಂಗಡಿಗರೂ ದಶಕಗಳ ಕಾಲ ಈ ಗೂಡುಗಳನ್ನು ಪರಿಶೀಲಿಸಿ, ಅಲ್ಲಿಯ ನಂಟು ಅಷ್ಟು ನಿಕಟವಲ್ಲವೆಂದು ತೋರಿಸಿದರು. ರಾಣಿಯು ಹಲವು ಗಂಡುಗಳೊಡನೆ ಕೂಡುವಳು. ರಾಣಿಯರೂ ಒಬ್ಬರಾದ ಮೇಲೊಬ್ಬರು ಬದಲಾಗುವರು.

ಹಾಗಾದರೆ ಮತ್ತೊಂದು ಕಾರಣವನ್ನು ಆಯುಸ್ಸಿನಲ್ಲಿ ಹುಡುಕಬೇಕು. ಮೊಟ್ಟೆಯು ಬೆಳೆದು ಕಡಜವಾಗಲು ಸುಮಾರು 2 ತಿಂಗಳು ಬೇಕು. ಸೇವಕಿಯ ಆಯುಸ್ಸಾದರೋ ಸರಾಸರಿ 1 ತಿಂಗಳಿನ ಆಸುಪಾಸು. ಒಂಟಿಯಾಗಿ ಗೂಡು ಕಟ್ಟಿದ ತಾಯಿಯು ನಡುವೆ ಸತ್ತರೆ ಮರಿಗಳೆಲ್ಲವೂ ನಾಶವಾಗುವುವು. ಕೂಡಿ ಬಾಳುವಲ್ಲಿ, ಒಬ್ಬಳು ಅರ್ಧಕ್ಕೆ ಬಿಟ್ಟುದನ್ನು ಇನ್ನೊಬ್ಬಳು ಪೂರೈಸುವಳು. ಸತ್ತವಳ ಶ್ರಮವು ವ್ಯರ್ಥವಾಗದು.

ಆದರೂ ಧೈರ್ಯಮಾಡಿ ಒಂಟಿಯಾಗಿ ಹೊರಡುವವರೂ ಉಂಟು. ಸೂರಿನ ಮೂಲೆಯಲ್ಲಿ ನಾಲ್ಕೇ ಕೋಣೆಗಳ ಗೂಡೊಂದು ಕಂಡರೆ, ಅದು ಅಂಥವಳೊಬ್ಬಳ ಮನೆಯಿರಬಹುದು.