ಮುಧೋಳ ನಾಯಿ ಜೊತೆ ಏನು ಆಡೋದು? ಓಡಿಹೋಗೋ ನಾಯಿಗೆ ತಿರುಗಿ ಬರೋದನ್ನ ಕಲಿಸಿದ ಕಥೆ

ಹಿಂದೆ ಯಾರೋ ಜೋರಾಗಿ ಉಸಿರಾಡ್ತಿರೋ ಸದ್ದು ಕೇಳಿಸ್ತಿದ್ರೆ, ಅದು ನಾನಲ್ಲ. ಚಿಗರಿ. ಎರಡೂವರೆ ವರ್ಷದ ಮುಧೋಳ ಹೆಣ್ಣುನಾಯಿ. ಈಗಷ್ಟೇ ಮೈದಾನದಿಂದ ಬಂದು ಮೇಜಿನ ಕೆಳಗೆ ಬಿದ್ಕೊಂಡಿದ್ದಾಳೆ. ಜಿಂಕೆಗೆ ನಮ್ಮ ಕಡೆ ಚಿಗರಿ ಅಂತಾರೆ. ಬಾಗಲಕೋಟೆ ಜಿಲ್ಲೆಯ ನಮ್ಮ ಮಾವನ ಮನೆಯಲ್ಲಿ ಹುಟ್ಟಿದವಳು, ಈಗ ಬೆಂಗಳೂರಿನ ಅಪಾರ್ಟ್‌ಮೆಂಟ್‌ನ ಎರಡನೇ ಮಹಡಿಯಲ್ಲಿದ್ದಾಳೆ.

ಇವಳು ಒಂಬತ್ತು ತಿಂಗಳಿನವಳಿದ್ದಾಗ ನಡೆದದ್ದನ್ನ ಮೊದಲು ಹೇಳಿಬಿಡ್ತೀನಿ. ಸಂಜೆ ಗೇಟಿನ ಹತ್ರ ನಿಂತಿದ್ವಿ. ರಸ್ತೆಯ ಆ ಕಡೆ ಒಂದು ಬೆಕ್ಕು ಓಡ್ತು. ಚಿಗರಿ ಒಂದು ಸಲ ಹಿಂದಕ್ಕೆ ಜಗ್ಗಿದಳು ನೋಡಿ, ಕತ್ತಿನ ಪಟ್ಟಿ ತಲೆಯಿಂದ ಜಾರಿ ನನ್ನ ಕೈಯಲ್ಲೇ ಉಳೀತು. ಹೆಸರು ಹಿಡಿದು ಕೂಗಿದೆ, ಕಿರುಚಿದೆ, ಹಿಂದೆ ಓಡಿದೆ. ಅವಳು ತಿರುಗಿ ಸಹ ನೋಡಲಿಲ್ಲ. ನೀರಿನ ಟ್ಯಾಂಕರ್ ಒಂದು ಕಿರ್‍ರ್ ಅಂತ ಬ್ರೇಕ್ ಹಾಕ್ತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದ್ರೆ ಆ ಕಡೆ ಕಾಂಪೌಂಡ್ ಕೆಳಗೆ ನಿಂತು, ಮೇಲೆ ಕೂತಿದ್ದ ಬೆಕ್ಕನ್ನ ನೋಡ್ತಾ ಬಾಲ ಆಡಿಸ್ತಿದ್ದಾಳೆ!

ಆ ರಾತ್ರಿ ಮಾವನಿಗೆ ಫೋನ್ ಮಾಡಿ, ‘ಮಾಮಾ, ಇದು ಒಂದು ಮಾತೂ ಕೇಳಲ್ಲ’ ಅಂತ ಗೋಳಾಡಿದೆ. ಮಾವ ನಕ್ಕರು. ‘ಅದು ನಿನ್ನ ಮಾತ ಮೀರಿಲ್ಲೋ ತಮ್ಮಾ. ಅದಕ್ಕ ಆಗ ನಿನ್ನ ಮಾತ ಕೇಳಸೇ ಇಲ್ಲ’ ಅಂದ್ರು.

ಇದನ್ನ ಅರ್ಥ ಮಾಡ್ಕೊಳ್ಳೋಕೆ ನನಗೆ ತಿಂಗಳುಗಳೇ ಬೇಕಾದ್ವು. ಮುಧೋಳ ನಾಯಿ ಸೈಟ್ ಹೌಂಡ್ ಜಾತಿಯದ್ದು. ಬೆಂಗಳೂರಿನ ಸೈಟ್ ಅಲ್ಲ ಮತ್ತೆ, ಕಣ್ಣಿಗೆ ಸಂಬಂಧಪಟ್ಟ ಸೈಟ್. ಮೂಗಿನಿಂದ ಹುಡುಕೋ ನಾಯಿಗಳಿವೆ, ಇವು ಕಣ್ಣಿನಿಂದ ಬೇಟೆ ಹಿಡಿಯೋಕೆ ತಲೆಮಾರುಗಳಿಂದ ಬೆಳೆಸಿದ ನಾಯಿಗಳು. ಸಪೂರ ತಲೆ, ಆಳವಾದ ಎದೆ, ಒಳಕ್ಕೆ ಸೇದಿಕೊಂಡ ಹೊಟ್ಟೆ, ಉದ್ದ ಕಾಲು. ಪೂರ್ತಿ ವೇಗದಲ್ಲಿ ಓಡುವಾಗ ಒಂದೊಂದು ನೆಗೆತದಲ್ಲೂ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರ್ತವೆ. ಮುಧೋಳದ ಘೋರ್ಪಡೆ ಅರಸರು ಈ ತಳಿಯನ್ನ ಸಾಕಿ ಉಳಿಸಿದ್ದು, 2005ರಲ್ಲಿ ಅಂಚೆ ಚೀಟಿ ಮೇಲೆ ಬಂದಿದ್ದು, ತಿಮ್ಮಾಪುರದಲ್ಲಿ ಇದಕ್ಕೇ ಒಂದು ಸಂಶೋಧನಾ ಕೇಂದ್ರ ಇರೋದು, ಎಲ್ಲಾ ನೀವು ಕೇಳಿರ್ತೀರಿ. ನನಗೆ ಬೇಕಾಗಿದ್ದು ಒಂದೇ ವಿಷಯ: ಏನಾದ್ರೂ ಓಡಿದ್ರೆ ಇವಳಿಗೆ ಅಟ್ಟಿಸಿಕೊಂಡು ಹೋಗ್ಬೇಕು. ಅದು ಹಟ ಅಲ್ಲ, ಹುಟ್ಟು. ನಾನು ಅದನ್ನ ಅಡಗಿಸೋಕೆ ಹೋಗಿದ್ದೇ ತಪ್ಪಾಗಿತ್ತು.

ಹಾಗಾದ್ರೆ ಏನು ಮಾಡೋದು? ಅಟ್ಟಿಸೋ ಆಟ ನಾವೇ ಕೊಡೋದು, ಆದ್ರೆ ಅದು ನಮ್ಮ ಕೈಯಿಂದ ಶುರುವಾಗ್ಬೇಕು. ಒಂದೂವರೆ ಮೀಟರ್ ಬಿದಿರಿನ ಕೋಲು, ತುದಿಗೆ ಎರಡು ಮೀಟರ್ ಹಗ್ಗ, ಹಗ್ಗದ ತುದಿಗೆ ಹಳೇ ಬಟ್ಟೆ. ನಾನು ನೀಲಿ ಲುಂಗಿ ಹರಿದು ಕಟ್ಟಿದೆ. ನೀಲಿ ಯಾಕೆ ಅಂದ್ರೆ, ನಾಯಿಗೆ ನೀಲಿ, ಹಳದಿ ಚೆನ್ನಾಗಿ ಕಾಣ್ತವೆ. ಹಸಿರು ಹುಲ್ಲಿನ ಮೇಲೆ ಬಿದ್ದ ಕೆಂಪು ಚೆಂಡು ನಮಗೆ ಎದ್ದು ಕಾಣ್ಸುತ್ತೆ, ಅದಕ್ಕೆ ಅಷ್ಟಾಗಿ ಕಾಣ್ಸಲ್ಲ. ‘ಎಷ್ಟು ಸಲ ಎಸೆದ್ರೂ ಚೆಂಡು ಹುಡುಕಲ್ಲ’ ಅಂತ ಬೈಯೋರು ಸ್ವಲ್ಪ ಬಣ್ಣ ಬದಲಿಸಿ ನೋಡಿ.

ಬಟ್ಟೆಯನ್ನ ನೆಲಕ್ಕೆ ತಾಗಿಸಿಯೇ ದೊಡ್ಡ ಸುತ್ತಿನಲ್ಲಿ ಎಳೀಬೇಕು. ಗಾಳಿಯಲ್ಲಿ ಎತ್ತಿ ಕುಣಿಸ್ಬೇಡಿ. ಥಟ್ಟನೆ ತಿರುಗೋದು, ಎತ್ತರಕ್ಕೆ ಹಾರೋದು ಕೀಲಿಗೆ ಕೆಟ್ಟದ್ದು. ಒಂದು ವರ್ಷದೊಳಗಿನ ಮರಿಗಂತೂ ಮೂಳೆ ಇನ್ನೂ ಬೆಳೀತಿರುತ್ತೆ, ಅದಕ್ಕೆ ನಿಧಾನದ ಆಟ ಸಾಕು. ಮೊದಲು ‘ನಿಲ್ಲು’. ಅವಳು ನಿಂತು ನನ್ನ ಮುಖ ನೋಡಿದ್ರೆ ಮಾತ್ರ ‘ಹಿಡಿ’. ಓಡಿ ಹಿಡೀತಾಳೆ, ಹಿಡಿಯೋಕೆ ಬಿಡ್ಲೇಬೇಕು, ಇಲ್ಲಾಂದ್ರೆ ಆಸೆನೇ ಹೋಗ್ಬಿಡುತ್ತೆ. ಆಮೇಲೆ ‘ಬಿಡು’. ಬಾಯಿಂದ ಕಿತ್ತುಕೊಳ್ಳಬೇಡಿ, ಬದಲಿಗೆ ಬೇಯಿಸಿದ ಮೊಟ್ಟೆಯ ಚೂರು ಕೊಡಿ. ಬಿಟ್ಟ ತಕ್ಷಣ ಮತ್ತೆ ‘ಹಿಡಿ’. ಬಿಟ್ರೆ ಆಟ ಮುಗಿಯಲ್ಲ, ಮತ್ತೆ ಶುರುವಾಗುತ್ತೆ ಅಂತ ಅವಳಿಗೆ ಗೊತ್ತಾಗ್ಬೇಕು. ನಮ್ಮನೇಲಿ ಇದಕ್ಕೆ ಎರಡು ವಾರ ಹಿಡೀತು. ಐದು ನಿಮಿಷ ಆಡಿದ್ರೆ ಸಾಕು. ಐದು ನಿಮಿಷ ಬಿರುಗಾಳಿ, ಆಮೇಲೆ ಇಡೀ ಬೆಳಿಗ್ಗೆ ಸೋಫಾ.

ಲೇಸರ್ ಲೈಟ್ ತೋರಿಸಿ ಆಡಿಸೋ ವಿಡಿಯೋಗಳಿವೆಯಲ್ಲ, ದಯವಿಟ್ಟು ಬೇಡ. ಎಂದೂ ಕೈಗೆ ಸಿಗದ ಬೇಟೆ ಅದು. ಕೆಲವು ನಾಯಿಗಳು ನೆರಳು, ಬೆಳಕು ಕಂಡಲ್ಲೆಲ್ಲಾ ಅಟ್ಟಿಸೋ ಗೀಳು ಹಿಡಿಸಿಕೊಳ್ತವೆ.

ಈಗ ಮುಖ್ಯವಾದದ್ದಕ್ಕೆ ಬರ್ತೀನಿ, ತಿರುಗಿ ಬರೋದು. ‘ಚಿಗರಿ’ ಅಂತ ದಿನಕ್ಕೆ ನೂರು ಸಲ ಕರೀತೀವಿ. ಸ್ನಾನಕ್ಕೂ ಅದೇ, ಬೈಯೋಕೂ ಅದೇ. ಆ ಹೆಸರು ಸವೆದುಹೋಗಿತ್ತು. ಹಾಗಾಗಿ ಹೊಸ ಪದ ಇಟ್ಕೊಂಡೆ: ‘ಹೋಳಿಗೆ’. ನಗಬೇಡಿ. ಮನೇಲಿ ದಿನಾ ಬಾಯಿಗೆ ಬರದ ಪದ ಬೇಕಿತ್ತು. (ಯುಗಾದಿ ದಿನ ಮಾತ್ರ ಫಜೀತಿ ಆಯ್ತು.) ಮೊದಲ ವಾರ ಮನೆಯೊಳಗೇ. ‘ಹೋಳಿಗೆ’ ಅನ್ನೋದು, ಉಪ್ಪು-ಖಾರ ಇಲ್ಲದೆ ಬೇಯಿಸಿದ ಕೋಳಿ ಚೂರು ಕೊಡೋದು. ಆಮೇಲೆ ನಾನೊಂದು ಕೋಣೆಯಲ್ಲಿ, ನನ್ನ ತಂಗಿ ಇನ್ನೊಂದು ಕೋಣೆಯಲ್ಲಿ ಅಡಗಿ ಸರದಿ ಮೇಲೆ ಕೂಗೋದು. ಆಮೇಲೆ ಟೆರೇಸ್, ಕೊನೆಗೆ ಸುತ್ತ ಬೇಲಿ ಇರೋ ಮೈದಾನ. ಆ ಪದ ಹೇಳಿ ಒಂದು ಸಲವೂ ಸ್ನಾನ ಮಾಡಿಸಿಲ್ಲ, ಆಟ ನಿಲ್ಲಿಸಿ ಮನೆಗೆ ಎಳ್ಕೊಂಡು ಬಂದಿಲ್ಲ.

ಓಡೋ ನಾಯಿಗೆ ಕೋಳಿಗಿಂತ ಓಟವೇ ರುಚಿ ಅಂತ ಮೈದಾನದಲ್ಲಿ ಗೊತ್ತಾಯ್ತು. ಅದಕ್ಕೆ ಅವಳು ನನ್ನ ಕಡೆ ತಿರುಗಿದ ಕ್ಷಣ, ಅವಳ ವಿರುದ್ಧ ದಿಕ್ಕಿಗೆ ನಾನೇ ಓಡ್ತೀನಿ, ಕೋಲಿನ ಬಟ್ಟೆ ಎಳ್ಕೊಂಡು. ಅವಳು ನನ್ನನ್ನ ಅಟ್ಟಿಸ್ತಾಳೆ. ಅವತ್ತು ರಸ್ತೆಯಲ್ಲಿ ನಾನು ಅವಳ ಹಿಂದೆ ಓಡಿದ್ದೆ, ಅಂದ್ರೆ ಅವಳ ಬೇಟೆಗೆ ನಾನೂ ಸೇರ್ಕೊಂಡ ಹಾಗೆ!

ಕೆಲವು ವಿಷಯ ಬೇಗ ಹೇಳ್ತೀನಿ. ಇವುಗಳ ತಲೆ ಕತ್ತಿಗಿಂತ ಸಪೂರ, ಮಾಮೂಲಿ ಪಟ್ಟಿ ಜಾರುತ್ತೆ. ಜಗ್ಗಿದ್ರೆ ಸ್ವಲ್ಪವೇ ಬಿಗಿಯಾಗೋ ಅಗಲ ಪಟ್ಟಿ, ಇಲ್ಲಾ ಸರಿಯಾದ ಅಳತೆಯ ಹಾರ್ನೆಸ್ ತಗೊಳ್ಳಿ. ಉದ್ದಕ್ಕೆ ಬಿಚ್ಚಿಕೊಳ್ಳೋ ಬಳ್ಳಿ ಬೇಡ, ಓಡಿ ತುದಿ ಮುಟ್ಟಿದಾಗ ಕತ್ತಿಗೆ ಪೆಟ್ಟು. ಎದೆ ಆಳ ಇರೋ ನಾಯಿ, ಊಟ ಆದ ತಕ್ಷಣ ಓಡಿಸಿದ್ರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳೋ ಅಪಾಯ ಇದೆ, ಅದು ಜೀವಕ್ಕೇ ಬರುತ್ತೆ. ಬಿಸಿಲೇರಿದ ಮೇಲೆ ಆಟ ಇಲ್ಲ. ಇನ್ನು ‘ಊರಿಗೆ ಕರ್ಕೊಂಡು ಹೋಗಿ ಮೊಲ ಹಿಡಿಸ್ರೀ’ ಅನ್ನೋರು ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಲುಂಗಿ ಚೂರು ಸಾಕು.

ಮಳೆ ಬಂದ ದಿನ ಹಳೇ ಟವೆಲ್‌ನಲ್ಲಿ ಮೊಟ್ಟೆ ಚೂರು ಸುತ್ತಿ ಇಡ್ತೀನಿ, ಮೂಗಿನಿಂದ ಬಿಚ್ಚಿ ತಿನ್ನಲಿ ಅಂತ. ಚಿಗರಿ ಇದ್ರಲ್ಲಿ ದಡ್ಡಿ. ಆದ್ರೂ ಖುಷಿ ಪಡ್ತಾಳೆ.

ಕಳೆದ ತಿಂಗಳು ಮೈದಾನದಲ್ಲಿ ಬೇಲಿ ಸಂದಿಯಿಂದ ಒಂದು ಬೆಕ್ಕು ನುಗ್ತು. ಚಿಗರಿ ಹಾರಿದಳು. ‘ಹೋಳಿಗೆ’ ಅಂತ ಕೂಗಿ ನಾನು ಆ ಕಡೆ ಓಟ ಕಿತ್ತೆ. ಎಂಟು ಹತ್ತು ಹೆಜ್ಜೆ ಆದ್ಮೇಲೆ ಹಿಂದೆ ಧಡಧಡ ಸದ್ದು ಕೇಳಿಸ್ತು, ಮರುಕ್ಷಣ ನನ್ನನ್ನ ದಾಟಿ ಮುಂದೆ ಹೋಗಿದ್ದಳು. ರಸ್ತೆ ಪಕ್ಕದಲ್ಲಿ ಮಾತ್ರ ಇವತ್ತಿಗೂ ಬಳ್ಳಿ ಬಿಚ್ಚಲ್ಲ. ಹತ್ತರಲ್ಲಿ ಎಂಟು ಸಲ ಬರ್ತಾಳೆ, ಆ ಎರಡು ಸಲಕ್ಕೆ ಟ್ಯಾಂಕರ್ ಇರುತ್ತೆ.